ಅಪ್ಪನ ‘ಹೂಂ’

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರ ಬಂತು. ಫೋನ್ ಮಾಡುವುದು ಬಿಟ್ಟು ಇದೇನು ಇಷ್ಟುದ್ದ ಬರೆದಿದ್ದಾನೆ ಅಂದುಕೊಳ್ಳಬೇಡ, ಕಾರಣ ಇದೆ. ನೀನು ಓದಿದ ಮೇಲೆ ಇದನ್ನು ಅಪ್ಪನ ಕೈಗೆ ಕೊಡು. ಅವರೇ ಕನ್ನಡಕ ಹಾಕಿಕೊಂಡು ಓದಲಿ. ನೀನು ಓದಿ ಹೇಳಬೇಡ.

ಎರಡು ಪುಟ ನನ್ನ ನಿದ್ದೆ, ನನ್ನ ಕೆಲಸ, ಸಂಬಳವಿಲ್ಲದ ಕೆಲಸಕ್ಕೆ ರಾತ್ರಿಯೆಲ್ಲ ಕೂರುತ್ತೇನೆ ಅಂತ ಬೈದು, ಕೊನೆಯ ಸಾಲಿನಲ್ಲಿ ‘ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಭಾವನ ಮಾತು ಕೇಳಿಸುತ್ತದೆ, ಪುಟ್ಟಿಯದು ಕೇಳಿಸುವುದಿಲ್ಲ, ವಯಸ್ಸಾಯಿತಲ್ಲ, ನೀನು ತಲೆ ಕೆಡಿಸಿಕೊಳ್ಳಬೇಡ’ ಎಂದು ಬರೆದಿದ್ದೀಯ. ಅಮ್ಮ, ಅದೇ ಮೊದಲ ಸಾಲಾಗಬೇಕಿತ್ತು. ಯಾವಾಗಿನಿಂದ ಹೀಗೆ? ಎರಡೂ ಕಿವಿಯಾ, ಒಂದೇ ಕಿವಿಯಾ? ಮೆಲ್ಲಗೆ ಕಡಿಮೆ ಆಗುತ್ತಾ ಬಂತಾ, ಇಲ್ಲ ಒಂದು ದಿನ ಬೆಳಗ್ಗೆ ಎದ್ದಾಗ ಕೇಳಿಸಲಿಲ್ಲವಾ? ಒಂದೇ ಕಿವಿ ಇದ್ದಕ್ಕಿದ್ದಂತೆ ಕಿವುಡಾಗಿದ್ದರೆ ಈ ಪತ್ರ ಕೆಳಗಿಟ್ಟು ಈಗಲೇ ಡಾಕ್ಟರ ಹತ್ತಿರ ಹೊರಡಿ. ಅದಕ್ಕೆ ಬೇಗ ಔಷಧಿ ಶುರು ಮಾಡಬೇಕು, ದಿನ ಕಳೆದಷ್ಟೂ ಕಷ್ಟ. ಮೆಲ್ಲಗೆ ಆಗಿದ್ದರೆ ಹೆದರಬೇಡ. ಆದರೆ ತಡ ಮಾಡಬೇಡ.

ನಿನ್ನ ಆ ಸಾಲು ಓದಿದ ಮೇಲೆ ನನಗೆ ಇನ್ನೊಂದು ವಿಷಯ ಹೊಳೆಯಿತು. ಎರಡು ವರ್ಷ ಪ್ರತಿ ಭಾನುವಾರ ಅಪ್ಪನಿಗೆ ನನ್ನ ವಿಮಾನದ ಕೆಲಸದ ಬಗ್ಗೆ ಹೇಳಿದ್ದೇನೆ. ಅವರು ಪ್ರತಿ ಸಲವೂ ‘ಹೂಂ’ ಅನ್ನುತ್ತಿದ್ದರು. ಆಮೇಲೆ ‘ತಾಳು, ಅಮ್ಮನಿಗೆ ಕೊಡ್ತೀನಿ’. ಅವರಿಗೆ ಈ ಕೆಲಸ ಇಷ್ಟವಿಲ್ಲ, ಅದಕ್ಕೇ ಒಂದು ಪ್ರಶ್ನೆಯೂ ಕೇಳುವುದಿಲ್ಲ ಎಂದು ನಾನು ತಿಳಿದುಕೊಂಡೆ. ಹೋದ ಮಳೆಗಾಲದಿಂದ ಹೇಳುವುದನ್ನೇ ಬಿಟ್ಟೆ. ‘ಆರಾಮಾ ಅಪ್ಪ?’ ಅಷ್ಟೇ. ಅವರಿಗೆ ಕೇಳಿಸಿಯೇ ಇರಲಿಲ್ಲ, ಅಲ್ವಾ ಅಮ್ಮ? ಇದನ್ನು ನೆನೆದು ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ಅಪ್ಪ, ಇಲ್ಲಿಂದ ಮುಂದೆ ನಿಮಗೆ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳುತ್ತೇನೆ.

ನಾನು ಬಿಡುವಿನಲ್ಲಿ ಕೆಲಸ ಮಾಡುವುದು ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರಿಗೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಾಫ್ಟ್‌ವೇರ್. 1996ರಲ್ಲಿ ಕೆಲವರು ಸೇರಿ ಶುರು ಮಾಡಿದರು, 1997ರಲ್ಲಿ ಮೊದಲ ಆವೃತ್ತಿ ಬಂತು. ಇದನ್ನು ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡನ್ನು ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವವರು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು, ಅಷ್ಟೇ ಷರತ್ತು. ಇಲ್ಲಿ ಕೆಲಸ ಮಾಡುವ ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ರಾತ್ರಿ ನಾನು ಕಳಿಸಿದ ಕೋಡಿನಲ್ಲಿ ತಪ್ಪಿದ್ದರೆ, ಬೆಳಗ್ಗೆ ಏಳುವಷ್ಟರಲ್ಲಿ ಬೇರೆ ದೇಶದ ಯಾರೋ ತಿದ್ದಿ, ಯಾಕೆ ತಪ್ಪು ಎಂದು ವಿವರಿಸಿ ಬರೆದಿರುತ್ತಾರೆ. ಸಂಬಳ ಇಲ್ಲ ನಿಜ. ಆದರೆ ಇಷ್ಟು ಗಮನವಿಟ್ಟು ನನ್ನ ಕೆಲಸ ನೋಡುವವರು ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ನನ್ನ ಪಾಲಿನ ಕೆಲಸ ಶಬ್ದ. ಸೆಸ್ನಾ 172 ಎಂಬ ಚಿಕ್ಕ ವಿಮಾನ, ನಾಲ್ಕು ಸೀಟು, ಮುಂದೆ ಒಂದು ಪ್ರೊಪೆಲ್ಲರ್. ಅದರ ಎಂಜಿನ್ನಿಗೆ ನಾಲ್ಕು ಸಿಲಿಂಡರು. ನಿಮಿಷಕ್ಕೆ 2400 ಸುತ್ತು ಎಂದರೆ ಸೆಕೆಂಡಿಗೆ 40. ಒಂದು ಸುತ್ತಿಗೆ ಎರಡು ಸಿಲಿಂಡರಿನಲ್ಲಿ ಇಂಧನ ಸಿಡಿಯುತ್ತದೆ, ಹಾಗಾಗಿ ಸೆಕೆಂಡಿಗೆ 80 ಸಿಡಿತ. ಪ್ರೊಪೆಲ್ಲರಿಗೆ ಎರಡು ಅಲಗು, ಅದರಿಂದಲೂ ಸೆಕೆಂಡಿಗೆ 80 ಹೊಡೆತ. ಎರಡೂ ಒಂದೇ ಸ್ವರದಲ್ಲಿ ಕೂಡಿಕೊಳ್ಳುತ್ತವೆ. ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಿಮಗೇ ಹೇಳಬೇಕು ಅನ್ನಿಸಿತ್ತು. ಹೇಳಿದ್ದೆ ಕೂಡ. ನೀವು ‘ಹೂಂ’ ಅಂದಿರಿ.

ಈ ಶಬ್ದವನ್ನು ಒಂದೇ ಸಲ ರೆಕಾರ್ಡ್ ಮಾಡಿ ಬಿಟ್ಟರೆ ಸಾಲದು. ಪೈಲಟ್ ವೇಗ ಹೆಚ್ಚಿಸಿದಾಗ ಸ್ವರ ಏರಬೇಕು. ಒಂದೇ ರೆಕಾರ್ಡಿಂಗನ್ನು ಜಾಸ್ತಿ ಎಳೆದರೆ ಸೊಳ್ಳೆಯ ಹಾಗೆ ಕೇಳಿಸುತ್ತದೆ. ಅದಕ್ಕೆ ನಿಧಾನದ್ದು ಒಂದು, ಮಧ್ಯದ್ದು ಒಂದು, ಪೂರ್ತಿ ವೇಗದ್ದು ಒಂದು ಇಟ್ಟುಕೊಂಡು, ಒಂದು ಇಳಿಯುತ್ತಿದ್ದಂತೆ ಇನ್ನೊಂದು ಏರುವ ಹಾಗೆ ಹೆಣೆಯುತ್ತೇನೆ. ಯಾವ ಸುತ್ತಿಗೆ ಎಷ್ಟು ಗಟ್ಟಿ, ಎಷ್ಟು ಸ್ವರ ಎಂದು ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಡಬೇಕು. ಪ್ರತಿ ತುಣುಕೂ ಮುಗಿದ ಕಡೆಯಿಂದ ಮತ್ತೆ ಮೊದಲಿಗೆ ಬರುತ್ತದೆ. ಆ ಸೇರುವ ಜಾಗದಲ್ಲಿ ಅಲೆ ಸರಿಯಾಗಿ ಕೂಡದಿದ್ದರೆ ‘ಟಿಕ್’ ಎಂದು ಸದ್ದು. ಆ ಟಿಕ್ ತೆಗೆಯಲು ಒಂದು ವಾರ ಕೂತಿದ್ದೇನೆ. ಯಾರಿಗೂ ಗೊತ್ತಾಗದ ವಿಷಯ ಅನ್ನಬಹುದು. ಗಂಟೆಗಟ್ಟಲೆ ಹಾರಿಸುವವರಿಗೆ ಗೊತ್ತಾಗುತ್ತದೆ.

ಈಗ ನಿಮಗೆ ಖಂಡಿತ ಇಷ್ಟವಾಗುವ ವಿಷಯ. ಇಲ್ಲಿನ ಒಂದು ಸಣ್ಣ ಏರ್‌ಫೀಲ್ಡಿಗೆ ಅನುಮತಿ ತೆಗೆದುಕೊಂಡು ರೆಕಾರ್ಡ್ ಮಾಡಲು ಹೋಗಿದ್ದೆ. ಅಲ್ಲಿ ಹಾರಾಟ ಕಲಿಸುವವರೊಬ್ಬರು ಜೇಬಿನಿಂದ ಶುಭ್ರವಾದ ಕರವಸ್ತ್ರ ತೆಗೆದು, ಎಡ ರೆಕ್ಕೆಯ ಮುಂದಿನ ಅಂಚಿನ ಸಣ್ಣ ತೂತಿನ ಮೇಲಿಟ್ಟು, ಅದಕ್ಕೆ ಬಾಯಿ ಹಚ್ಚಿ ಗಾಳಿ ಎಳೆದರು. ಒಳಗಿಂದ ‘ಪೀಂ’ ಎಂದು ಬಂತು. ನಾನು ಹಾಗೇ ನಿಂತುಬಿಟ್ಟೆ. ವಿಮಾನ ತೀರಾ ನಿಧಾನವಾಗಿ, ಮೂಗು ಜಾಸ್ತಿ ಎತ್ತಿದಾಗ ರೆಕ್ಕೆ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೆ 5ರಿಂದ 10 ನಾಟ್ (ವಿಮಾನದ ವೇಗದ ಅಳತೆ) ಮೊದಲೇ ಎಚ್ಚರಿಸುವ ಹಾರ್ನ್ ಇದು. ಕರೆಂಟ್ ಇಲ್ಲ, ತಂತಿ ಇಲ್ಲ. ರೆಕ್ಕೆಯ ಅಂಚಿನಲ್ಲಿ ಗಾಳಿಯ ಒತ್ತಡ ಇಳಿದಾಗ ಆ ತೂತಿನ ಮೂಲಕ ಗಾಳಿ ಹೊರಕ್ಕೆ ಎಳೆಯಲ್ಪಡುತ್ತದೆ, ಒಳಗಿರುವ ರೀಡ್, ಆ ತೆಳ್ಳನೆಯ ಪಟ್ಟಿ, ಕೂಗುತ್ತದೆ. ಹೌದು ಅಪ್ಪ, ರೀಡ್. ನಿಮ್ಮ ಹಾರ್ಮೋನಿಯಂನಲ್ಲಿ ಇರುವಂಥದ್ದೇ.

ನೀವು ಪೆಟ್ಟಿಗೆ ಬಿಚ್ಚಿ, ರೀಡನ್ನು ಬಾಯಿಗಿಟ್ಟು ಉಸಿರೆಳೆದು ಸ್ವರ ನೋಡುತ್ತಿದ್ದದ್ದು ಕಣ್ಣೆದುರಿಗೇ ಬಂತು. ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ ಎಂದು ನನಗೆ ಹೇಳಿಕೊಟ್ಟವರು ನೀವು. ನಾನು ಆಗ ಆರನೇ ಕ್ಲಾಸು. ಇವತ್ತು ನಾನು ಶಬ್ದದ ಕೆಲಸ ಹಿಡಿದಿದ್ದರೆ ಅದು ಆ ಪೆಟ್ಟಿಗೆಯಿಂದ ಶುರುವಾದದ್ದು. ಇದನ್ನು ಫೋನಿನಲ್ಲಿ ಹೇಳಿದ ದಿನ ನೀವು ಏನೂ ಅನ್ನಲಿಲ್ಲ. ನನಗೆ ತುಂಬಾ ನೋವಾಗಿತ್ತು. ಈಗ ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಇನ್ನೊಂದು ಕೆಲಸವೂ ಇದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಸಾಫ್ಟ್‌ವೇರಿನ ಕೋಡನ್ನು ಕಂಪ್ಯೂಟರಿಗೆ ಓಡಿಸಲು ಬರುವ ರೂಪಕ್ಕೆ ತರಬೇಕು. ಅದಕ್ಕೆ ಬಿಲ್ಡ್ ಎನ್ನುತ್ತೇವೆ. ಮೊದಲು ಸಿಮ್‌ಗಿಯರ್ ಎಂಬ ತಳಪಾಯ, ಅದರ ಮೇಲೆ ಫ್ಲೈಟ್‌ಗಿಯರ್. ಸಿಮೇಕ್ ಎಂಬ ಉಪಕರಣ ಯಾವ ಕಂಪ್ಯೂಟರಿನಲ್ಲಿ ಏನೇನು ಬೇಕು, ಎಲ್ಲಿದೆ ಎಂದು ಹುಡುಕಿ ಕೆಲಸದ ಪಟ್ಟಿ ತಯಾರಿಸುತ್ತದೆ. ಒಮ್ಮೆ ನಾನು ಶಬ್ದದ ಫೈಲಿನ ಹೆಸರನ್ನು ಒಂದು ಕಡೆ ದೊಡ್ಡ ಅಕ್ಷರದಿಂದ, ಇನ್ನೊಂದು ಕಡೆ ಸಣ್ಣ ಅಕ್ಷರದಿಂದ ಬರೆದಿದ್ದೆ. ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ಎಲ್ಲ ಸರಿ ಇತ್ತು. ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಅವೆರಡು ಬೇರೆ ಬೇರೆ ಹೆಸರು. ಅಲ್ಲಿ ಹಾರಿಸಿದವರಿಗೆ ಎಚ್ಚರಿಕೆಯ ಹಾರ್ನೇ ಕೇಳಿಸಲಿಲ್ಲ. ಬೇರೆ ಏನೂ ಕೆಡಲಿಲ್ಲ, ಸುಮ್ನೆ ಆ ಶಬ್ದ ಮಾತ್ರ ಇಲ್ಲ. ಇಲ್ಲದ ಶಬ್ದವನ್ನು ಯಾರು ಗಮನಿಸುತ್ತಾರೆ? ಮೂರು ವಾರ ಯಾರೂ ಹೇಳಲಿಲ್ಲ. ಆಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಅದು ಬಿಲ್ಡಿಗೆ ಮೊದಲು ಪ್ರತಿ ಶಬ್ದದ ಫೈಲನ್ನೂ ನೋಡುತ್ತದೆ. ಹೆಸರು ಅಕ್ಷರಕ್ಕೆ ಅಕ್ಷರ ಕೂಡುತ್ತದೆಯಾ, ಮೋನೋ, ಅಂದರೆ ಎಡ-ಬಲ ಬೇರೆಯಿಲ್ಲದ ಒಂದೇ ಶಬ್ದ, ಆಗಿದೆಯಾ ಎಂದು ಪರೀಕ್ಷಿಸುತ್ತದೆ. ಸ್ಟೀರಿಯೋ ಇದ್ದರೆ ನಾವು ಬಳಸುವ ಓಪನ್‌ಎಎಲ್ ಎಂಬ ಶಬ್ದದ ಸಾಫ್ಟ್‌ವೇರ್ ಅದನ್ನು ಎಡಕ್ಕೋ ಬಲಕ್ಕೋ, ದೂರಕ್ಕೋ ಹತ್ತಿರಕ್ಕೋ ಇಡುವುದಿಲ್ಲ. ತಪ್ಪಿದ್ದರೆ ಬಿಲ್ಡ್ ನಿಲ್ಲುತ್ತದೆ.

ನಿಮ್ಮ ವಿಷಯದಲ್ಲಿ ಅಂಥ ಪರೀಕ್ಷೆ ಮಾಡಲು ಯಾರೂ ಇರಲಿಲ್ಲ ಅಪ್ಪ. ನಾನೂ ಮಾಡಲಿಲ್ಲ.

ಈಗ ಕಿವಿಯ ಮಾತು. ವಯಸ್ಸಾದಾಗ ಮೊದಲು ಹೋಗುವುದು ಮೇಲಿನ ಸ್ವರಗಳು. ಅ, ಆ, ಓ ಇವೆಲ್ಲ ಕೆಳಗಿನ ಸ್ವರಗಳಲ್ಲಿ ಇರುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಸ, ಶ, ಚ ಇಂಥ ಅಕ್ಷರಗಳ ಶಬ್ದ ತುಂಬಾ ಮೇಲೆ, ಸಣ್ಣಗೆ. ಅವು ಹೋದರೆ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಮಾತು ಎಂದು ಗೊತ್ತಾಗುವುದಿಲ್ಲ. ಭಾವನ ಮಾತು ನಿಮಗೆ ಕೇಳಿಸುತ್ತದೆ, ಪುಟ್ಟಿಯ ಮಾತು ಕೇಳಿಸುವುದಿಲ್ಲ ಎಂದು ಅಮ್ಮ ಬರೆದಿದ್ದಾಳಲ್ಲ, ಅದೇ ಇದು. ಮಗುವಿನ ದನಿ ಮೇಲಿನದು. ನೀವು ಅವಳ ಮೇಲೆ ಗಮನ ಕೊಡುವುದಿಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಹಳೆಯ ರೀತಿಯ ಫೋನ್ ಕರೆಯಂತೂ ಸುಮಾರು 3400 ಹರ್ಟ್ಸ್ (ಸೆಕೆಂಡಿಗೆ 3400 ಕಂಪನ) ಮೇಲಿನ ಶಬ್ದವನ್ನೆಲ್ಲ ಕತ್ತರಿಸಿಯೇ ಕಳಿಸುತ್ತದೆ. ನನ್ನ ಮಾತಿನ ಅರ್ಧ ಅಲ್ಲೇ ಹೋಗಿತ್ತು.

ಟಿವಿ ಸೌಂಡ್ ಏರಿಸಿದರೆ ಸಾಲದು. ಕೆಳಗಿನ ಸ್ವರವೂ ಅಷ್ಟೇ ಏರಿ ಗೊಂದಲ ಜಾಸ್ತಿಯಾಗುತ್ತದೆ. ದಯವಿಟ್ಟು ಒಬ್ಬ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೊದಲು ಗುಗ್ಗೆ ಕಟ್ಟಿದೆಯಾ ನೋಡುತ್ತಾರೆ. ಸುಮ್ನೆ ಅಷ್ಟೇ ಇರಬಹುದು. ಆಮೇಲೆ ಆಡಿಯೋಗ್ರಾಮ್ ಮಾಡಿಸಿ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ 250 ಹರ್ಟ್ಸಿನಿಂದ 8000 ಹರ್ಟ್ಸಿನವರೆಗೆ ಒಂದೊಂದೇ ಸ್ವರ ಕೇಳಿಸುತ್ತಾರೆ. ಕೇಳಿಸಿದಾಗ ಬಟನ್ ಒತ್ತಬೇಕು. ನೋವಿಲ್ಲ, ಸೂಜಿ ಇಲ್ಲ. ಹಾರ್ಮೋನಿಯಂ ರೀಡ್ ನೋಡಿದ ಹಾಗೇ.

ಮಿಷನ್ ಹಾಕಿ ಎಂದರೆ ಹಾಕಿಸಿಕೊಳ್ಳಿ ಅಪ್ಪ. ಕಿವಿಗೆ ಹಾಕುವ ಈಗಿನ ಮಿಷನ್ ಎಲ್ಲವನ್ನೂ ಒಂದೇ ಸಮ ಜೋರು ಮಾಡುವುದಿಲ್ಲ. ನಿಮಗೆ ಯಾವ ಸ್ವರ ಕಡಿಮೆ ಕೇಳಿಸುತ್ತದೋ ಅದನ್ನೇ ಏರಿಸುತ್ತದೆ. ನಾನು ಎಂಜಿನ್ ಶಬ್ದಕ್ಕೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇಂಥದ್ದೇ. ಮೊದಲ ಕೆಲವು ವಾರ ಕಿರಿಕಿರಿ ಅನ್ನಿಸುತ್ತದೆ, ಪಾತ್ರೆಯ ಸದ್ದು, ಪೇಪರ್ ಸದ್ದು ಎಲ್ಲ ಚುಚ್ಚಿದ ಹಾಗೆ. ಮಿದುಳು ಮತ್ತೆ ಕಲಿಯಬೇಕು. ಬೇಡ ಎಂದು ಡಬ್ಬಿಯಲ್ಲಿಟ್ಟುಬಿಡಬೇಡಿ. ಖರ್ಚು ನನ್ನದು. ಅದರ ಬಗ್ಗೆ ಮನೆಯಲ್ಲಿ ಮಾತೇ ಬೇಡ.

ಒಂದು ಕೆಲಸ ನಿಮಗಾಗಿ ಇಟ್ಟಿದ್ದೇನೆ. ಆ ಹಾರ್ನಿನ ಎರಡು ರೆಕಾರ್ಡಿಂಗ್ ಇವೆ. ಒಂದು ಸ್ವಚ್ಛ, ಇನ್ನೊಂದರಲ್ಲಿ ರೀಡ್ ಸ್ವಲ್ಪ ಒಡೆದ ಹಾಗೆ ಕೇಳಿಸುತ್ತದೆ, ಆದರೆ ಜೀವ ಜಾಸ್ತಿ ಇದೆ. ಯಾವುದನ್ನು ಇಡುವುದು ಎಂದು ನನಗೆ ತೀರ್ಮಾನಕ್ಕೆ ಬರಲು ಆಗಿಲ್ಲ. ರೀಡಿನ ವಿಷಯದಲ್ಲಿ ನಿಮ್ಮಷ್ಟು ತಿಳಿದವರು ನನಗೆ ಯಾರೂ ಗೊತ್ತಿಲ್ಲ. ಮಿಷನ್ ಬಂದ ಮೇಲೆ ಎರಡನ್ನೂ ಕೇಳಿ ಹೇಳಿ. ಅಲ್ಲಿಯವರೆಗೆ ಮುಂದಕ್ಕೆ ಕಳಿಸುವುದಿಲ್ಲ.

ಅಮ್ಮ, ಈಗ ನಿನಗೆ. ನನ್ನ ಬಗ್ಗೆ ಏನೂ ಚಿಂತೆ ಬೇಡ. ಹಗಲಿನ ಕೆಲಸ ಗಟ್ಟಿಯಾಗಿದೆ, ಸಂಬಳ ಸರಿಯಾಗಿ ಬರುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ. ಹನ್ನೊಂದಕ್ಕೆ ಮಲಗುತ್ತೇನೆ, ಬಿಲ್ಡ್ ರಾತ್ರಿ ತಾನೇ ನಡೆಯುತ್ತದೆ, ನಾನು ಕಾಯುವ ಅಗತ್ಯವಿಲ್ಲ. ಏರ್‌ಫೀಲ್ಡಿನಲ್ಲಿ ಕಿವಿಗೆ ರಕ್ಷಣೆ ಹಾಕಿಯೇ ನಿಲ್ಲುತ್ತೇನೆ. ಹೆಡ್‌ಫೋನ್ ಸೌಂಡ್ ಕಡಿಮೆ ಇಡುತ್ತೇನೆ. ನನ್ನ ಕಿವಿ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಬೆನ್ನೂ ಚೆನ್ನಾಗಿದೆ. ನೀನು ಅಪ್ಪನ ಹತ್ತಿರ ಮಾತಾಡುವಾಗ ಅಡುಗೆಮನೆಯಿಂದ ಕೂಗಬೇಡ. ಎದುರಿಗೆ ಬಂದು, ಮುಖ ಕಾಣುವ ಹಾಗೆ ನಿಂತು, ನಿಧಾನವಾಗಿ ಹೇಳು. ಜೋರಾಗಿ ಬೇಡ. ಪುಟ್ಟಿಗೂ ಹೇಳಿಕೊಡು.

ಕೆಲಸಕ್ಕೆ ಹೊರಡುವ ಹೊತ್ತಾಯಿತು. ಅಕ್ಕ, ಭಾವನಿಗೆ ನೆನಪು ತಿಳಿಸು. ಚಿಕ್ಕಪ್ಪನಿಗೆ ಬೇರೆ ಬರೆಯುತ್ತೇನೆ.

ಇಂತಿ ನಿನ್ನ ಮಗ

ಆಡಿಯೋಗ್ರಾಮಿನ ಫೋಟೋ ತೆಗೆದು ಕಳಿಸಲು ಅಕ್ಕನಿಗೆ ಹೇಳು. ಎರಡೂ ಕಿವಿಯದ್ದು. ಮರೆಯಬೇಡ.