ಲಿಂಕ್ ಯಾವುದೆಂದು ನೋಡಿ ಇನ್‌ಸ್ಟಾಲ್ ಮಾಡಿ

ಸಂಪಾದಕರಿಗೆ,

ಲಿನಕ್ಸ್‌ನಲ್ಲಿ ಸೋರ್ಸ್ ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟಿಕೊಳ್ಳುವ ಬಗ್ಗೆ ನಿಮ್ಮ ಪುಟದಲ್ಲಿ ಬಂದ ಲೇಖನ ಓದಿದೆ. ಕಟ್ಟಲು ‘ಮೇಕ್’ ಕಮಾಂಡ್, ಆಮೇಲೆ ಅದನ್ನು ಮಷಿನ್‌ಗೆ ಹಾಕಿಕೊಳ್ಳಲು ‘ಮೇಕ್ ಇನ್‌ಸ್ಟಾಲ್’, ಅಲ್ಲಿಗೆ ಮುಗೀತು ಅನ್ನುವ ಹಾಗಿತ್ತು. ನನಗಂತೂ ಅಲ್ಲಿಗೆ ಮುಗಿಯಲಿಲ್ಲ.

ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಮಷಿನ್‌ನಲ್ಲಿ ಗಿಟ್ (ಕೋಡ್‌ನಲ್ಲಾಗುವ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಕಂಪೈಲ್ ಮಾಡಿ, ಅದು ಇನ್‌ಸ್ಟಾಲ್ ಆದ ಫೋಲ್ಡರನ್ನೇ ಹಳೇ ಪೆನ್‌ಡ್ರೈವ್‌ಗೆ ಹಾಕಿ ಉಳಿದ ಮಷಿನ್‌ಗಳಿಗೆ ಒಯ್ಯೋಣ ಅಂದುಕೊಂಡೆ. ಕಾಪಿ ಮುಗಿಯುವ ಲಕ್ಷಣವೇ ಇಲ್ಲ. ಕೊನೆಗೆ ಪೆನ್‌ಡ್ರೈವೇ ತುಂಬಿಹೋಯಿತು. ಡಿಸ್ಕ್‌ನಲ್ಲಿ ಅದು ಅಷ್ಟು ದೊಡ್ಡದಿರಲೇ ಇಲ್ಲವಲ್ಲ!

ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್ -ಎಲ್‌ಐ’ ಕಮಾಂಡ್ ಕೊಟ್ಟಾಗ ಗುಟ್ಟು ಬಯಲಾಯಿತು. ಗಿಟ್-ಆಡ್, ಗಿಟ್-ಕಮಿಟ್, ಗಿಟ್-ಲಾಗ್ ಅಂತ ನೂರಕ್ಕೂ ಜಾಸ್ತಿ ಹೆಸರು. ಸಾಲಿನ ಶುರುವಿನ ಐನೋಡ್ ನಂಬರ್ (ಡಿಸ್ಕ್‌ನಲ್ಲಿ ಫೈಲನ್ನು ಗುರುತಿಸುವ ಸಂಖ್ಯೆ) ಮಾತ್ರ ಎಲ್ಲದಕ್ಕೂ ಒಂದೇ. ಇರುವುದು ಒಂದೇ ಫೈಲು, ಹೆಸರುಗಳೆಲ್ಲ ಅದರ ಹಾರ್ಡ್ ಲಿಂಕ್, ಅಂದರೆ ಅದೇ ಫೈಲಿಗೆ ಇಟ್ಟ ಬೇರೆ ಬೇರೆ ಹೆಸರು. ಪೆನ್‌ಡ್ರೈವ್ ತನ್ನ ಫೈಲುಗಳನ್ನು ಜೋಡಿಸಿಡುವ ಫ್ಯಾಟ್ ಫೈಲ್ ಸಿಸ್ಟಮ್‌ಗೆ ಹಾರ್ಡ್ ಲಿಂಕ್ ಅಂದರೇನು ಅಂತಲೇ ಗೊತ್ತಿಲ್ಲ. ಕಾಪಿ ಮಾಡಲು ನಾನು ಕೊಟ್ಟ ‘ಸಿಪಿ -ಆರ್’ ಕಮಾಂಡ್ ಕೂಡ ಅದನ್ನು ಉಳಿಸುವುದಿಲ್ಲ. ಒಂದೊಂದು ಹೆಸರಿಗೂ ಇಡೀ ಫೈಲನ್ನು ಬರೆಯುತ್ತಾ ಹೋಗಿತ್ತು.

ಆಗ ಮೇಕ್ ಏನೇನು ಮಾಡಬೇಕು ಅಂತ ಬರೆದಿರುವ ಮೇಕ್‌ಫೈಲ್ ತೆರೆದೆ. (ಮೊದಲೇ ತೆರೆಯಬೇಕಿತ್ತು, ಅಲ್ವಾ?) ಅದು ಮೊದಲು ಹಾರ್ಡ್ ಲಿಂಕ್ ಮಾಡಲು ನೋಡುತ್ತದೆ. ಆಗದಿದ್ದರೆ ಸಿಂಬಾಲಿಕ್ ಲಿಂಕ್, ಅಂದರೆ ಮೂಲ ಫೈಲು ಎಲ್ಲಿದೆ ಅಂತಷ್ಟೇ ಹೇಳುವ ಚಿಕ್ಕ ಫೈಲು. ಅದೂ ಆಗದಿದ್ದರೆ ಸುಮ್ನೆ ಕಾಪಿ. ನಡುವೆ ಸೋತದ್ದಕ್ಕೆ ಎರರ್ ಕೂಡ ತೋರಿಸುವುದಿಲ್ಲ. ಸಿಂಬಾಲಿಕ್ ಲಿಂಕೇ ಬೇಕೆಂದರೆ ದಾರಿ ಇದೆ. ಮೇಕ್ ಇನ್‌ಸ್ಟಾಲ್ ಜೊತೆ ‘ಇನ್‌ಸ್ಟಾಲ್_ಸಿಮ್‌ಲಿಂಕ್ಸ್=1’ ಅಂತ ಕೊಡಬೇಕು, ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ. ಪ್ರತಿ ಸಲ ಟೈಪ್ ಮಾಡಲು ಬೇಜಾರಾದರೆ ‘ಕಾನ್ಫಿಗ್.ಮ್ಯಾಕ್’ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರಾಯಿತು. ಡ್ಯಾಶ್ ಇರುವ ಆ ಹೆಸರುಗಳೇ ಬೇಡ ಅನ್ನುವವರಿಗೆ ‘ಸ್ಕಿಪ್_ಡ್ಯಾಶ್ಡ್_ಬಿಲ್ಟ್_ಇನ್ಸ್’ ಅಂತ ಬೇರೆಯೇ ಇದೆ.

ಗೆದ್ದೆ ಅಂದುಕೊಂಡು ಹೊಸ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂತ ಸಾಲು ಸಾಲು. ಫ್ಯಾಟ್‌ಗೆ ಸಿಂಬಾಲಿಕ್ ಲಿಂಕೂ ಆಗಿಬರುವುದಿಲ್ಲ! ಕೊನೆಗೆ ಇಡೀ ಫೋಲ್ಡರನ್ನು ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ ಒಯ್ದೆ. ‘ಟಾರ್‌ನಲ್ಲಾದರೆ ಹಾರ್ಡ್ ಲಿಂಕೂ ಉಳೀತಿತ್ತು ಸಾರ್’ ಅಂತ ಹುಡುಗನೊಬ್ಬ ನಕ್ಕ. ನಿಜವೇ. ಆದರೂ ನನಗೆ ಸಿಂಬಾಲಿಕ್ ಲಿಂಕೇ ಇಷ್ಟ. ‘ಎಲ್‌ಎಸ್ -ಎಲ್’ ಅಂದರೆ ಸಾಕು, ಯಾವ ಹೆಸರು ಯಾವ ಫೈಲಿಗೆ ಹೋಗುತ್ತದೆ ಅಂತ ಬಾಣದ ಗುರುತೇ ತೋರಿಸುತ್ತದೆ.

ಈ ಆಯ್ಕೆಗಳೆಲ್ಲ ಮೇಕ್‌ಫೈಲ್‌ನ ಶುರುವಿನಲ್ಲೇ ಕಾಮೆಂಟ್‌ಗಳಾಗಿ ಇವೆ. ಲೇಖನದ ಮುಂದಿನ ಭಾಗ ಬರುವುದಿದ್ದರೆ ಅದಕ್ಕೊಂದು ಪ್ಯಾರಾ ಕೊಡಿ.

– ಒಬ್ಬ ಲ್ಯಾಬ್ ಸಹಾಯಕ