ಹೊನ್ನಾವರದ ಗೆಳೆಯನಿಗೆ, ಸೈಕಸ್ ಸುಳಿಯ ವಿಷಯವಾಗಿ

ಪ್ರಿಯ ಗೆಳೆಯಾ,

ನಿಮ್ಮ ಅಂಗಳದ, ಈಚಲಿನಂಥ ಗರಿಗಳ ಸೈಕಸ್ ಗಿಡದ ಮುಂದೆ ಮೊಣಕಾಲೂರಿ ಕುಳಿತು ನೀನು ತೋರಿಸಿದ್ದ ಆ ಪುಟ್ಟ ನೀಲಿ ಚಿಟ್ಟೆ, ಪ್ಲೇನ್ಸ್ ಕ್ಯುಪಿಡ್, ಈ ಮುಂಗಾರಿನಲ್ಲಿ ಘಟ್ಟದ ಮೇಲೆ ತೀರ್ಥಹಳ್ಳಿಯ ನಮ್ಮ ಮನೆಗೂ ಬಂದಿತ್ತು. ರೆಕ್ಕೆ ಬಿಚ್ಚಿದರೂ ಮೂರು ಸೆಂಟಿಮೀಟರಿನ ಆಸುಪಾಸು. ಹಿಂಬದಿ ರೆಕ್ಕೆಯಲ್ಲಿ ಕೂದಲೆಳೆಯಂಥ ಬಾಲ, ಅದರ ಬುಡದಲ್ಲಿ ಕಿತ್ತಳೆ ಅಂಚಿನ ಕಪ್ಪು ಬೊಟ್ಟು. 1829ರಲ್ಲಿ ಪ್ರಕೃತಿ ವಿಜ್ಞಾನಿ ಹಾರ್ಸ್‌ಫೀಲ್ಡ್ ಇದಕ್ಕೆ ‘ಪಾಂಡವ’ ಎಂದು ಹೆಸರಿಟ್ಟನೆಂದು ನೀನು ಹೇಳಿದಾಗ, ಇವನು ಐವರಲ್ಲಿ ಯಾರೆಂದು ನಾವು ಜಗಳವಾಡಿದ್ದೆವು. ನನ್ನ ಉತ್ತರ ಈಗಲೂ ಅದೇ.

ಅಮ್ಮ ನೆಟ್ಟ ಸೈಕಸ್ ವರ್ಷಕ್ಕೊಮ್ಮೆ, ಮೊದಲ ಮಳೆಯ ಬೆನ್ನಿಗೆ, ಸುತ್ತಲೂ ಒಂದೇ ಸಲಕ್ಕೆ ಸುಳಿ ಒಡೆಯುತ್ತದೆ. ಚಿಟ್ಟೆ ಮೊಟ್ಟೆಯಿಡುವುದು ಆ ಎಳೆಯ ಸುಳಿಯಲ್ಲೇ. ಎಲೆ ಬಲಿತರೆ ಹುಳುವಿಗೆ ಅದನ್ನು ತಿನ್ನಲಾಗದು. ಆದ್ದರಿಂದ ಮೊಟ್ಟೆಯೊಡೆದು, ಹುಳುವಾಗಿ ತಿಂದು ಬೆಳೆದು, ಕೋಶ ಸೇರಿ ರೆಕ್ಕೆ ಪಡೆಯುವ ಅಷ್ಟೂ ಬಾಳನ್ನು ಅದು ಕೆಲವೇ ವಾರಗಳಲ್ಲಿ ಮುಗಿಸುತ್ತದೆ. ಹುಳುವಿನ ಬೆನ್ನ ತುದಿಯ ಗ್ರಂಥಿಯೊಂದು ಸಿಹಿ ರಸ ಒಸರುವುದರಿಂದ ಇರುವೆಗಳು ಅದರ ಸುತ್ತ ಕಾವಲಿರುತ್ತವೆ. ಒಂದು ಇರುವೆ ಕುಡಿಮೀಸೆಯಿಂದ ಹುಳುವಿನ ಬೆನ್ನನ್ನು ಮೆಲ್ಲಗೆ ತಟ್ಟಿದ್ದನ್ನೂ, ಅಲ್ಲಿ ಹನಿಯೊಂದು ಮೂಡಿದ್ದನ್ನೂ ನಾನು ಕಣ್ಣಾರೆ ಕಂಡೆ.

ಕಂಡ ಮೇಲೂ ಔಷಧಿ ಹೊಡೆದೆ, ಮಾರಾಯ. ಗುವಾಮ್ ದ್ವೀಪದಲ್ಲಿ 2005ರಲ್ಲಿ ಕಾಣಿಸಿಕೊಂಡ ಈ ಚಿಟ್ಟೆಯನ್ನು ಅಲ್ಲಿ ಪೀಡೆಯೆಂದೇ ಎಣಿಸುತ್ತಾರಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅಲ್ಲಿಗೆ ಅದು ಹೊರಗಿನಿಂದ ಹೋದದ್ದು. ಇದು ಅದರ ಸ್ವಂತ ನೆಲ. ನಿಜ ಹೇಳುವುದಾದರೆ, ಅಮ್ಮ ಹೋದ ಮೇಲೆ ಬಂದ ಮೊದಲ ಸುಳಿ ಅದು. ಅದು ಜರಡಿಯಂತಾಗುವುದನ್ನು ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ. ನಿನಗೆ ಫೋನ್ ಮಾಡಿದರೆ ಬೇಡವೆನ್ನುತ್ತೀಯೆಂದು ಗೊತ್ತಿದ್ದೇ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಹುಳುಗಳ ಪಕ್ಕದಲ್ಲೇ ಇರುವೆಗಳೂ ಸತ್ತು ಬಿದ್ದಿದ್ದವು. “ತಿಂದುಕೊಳ್ಳಲಿ ಬಿಡು, ಬರುವ ವರ್ಷ ಮತ್ತೆ ಚಿಗುರುತ್ತದೆ” ಎಂದು ಪ್ರತಿ ಮಳೆಗಾಲವೂ ಹೇಳುತ್ತಿದ್ದವಳು ಅಮ್ಮನೇ ಎಂಬುದು ನನಗೆ ಆಗ ನೆನಪಾಯಿತು. ಅವಳು ಒಮ್ಮೆಯೂ ಆ ಗಿಡಕ್ಕೆ ಔಷಧಿ ಹೊಡೆಸಿದವಳಲ್ಲ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಬರುವ ವರ್ಷ ಸುಳಿ ಕಂಡ ದಿನವೇ ಫೋನ್ ಮಾಡುತ್ತೇನೆ, ಹೊರಟು ಬಾ. ಕೊಡೆ ಮಾತ್ರ ಮರೆಯಬೇಡ. ಆಗುಂಬೆಯ ಕೊಡೆಯ ಕತೆಯನ್ನು ನಾಲ್ಕು ಜನರ ಮುಂದೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಹೇಳುವುದಿಲ್ಲ.

ನಿನ್ನ,
ತೀರ್ಥಹಳ್ಳಿಯವನು