ತಾತನ ಬದುಕನ್ನು ಬರೆಯಲು ಹೊರಟ ಮಗಳಿಗೆ

ಶಿವಮೊಗ್ಗ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ತಾತನ ವರ್ಷಾಬ್ದಿಕದ ದಿನ ಹಂಚಲು ಒಂದು ಪುಸ್ತಿಕೆ ಮಾಡುತ್ತೇನೆ ಎಂದು ನೀನು ಹೊರಟಿರುವುದು ನನಗೆ ಬಹಳ ಸಂತೋಷದ ವಿಷಯ. ಕಳಿಸಿದ ಮೊದಲ ಪುಟಗಳನ್ನು ಓದಿದೆ. ‘ಆದರ್ಶ ಶಿಕ್ಷಕರು, ದೈವಭಕ್ತರು, ಸಜ್ಜನಿಕೆಯ ಸಾಕಾರಮೂರ್ತಿ’ ಎಂದು ಶುರು ಮಾಡಿದ್ದೀಯ. ಎಲ್ಲವೂ ನಿಜವೇ. ಆದರೆ ಈ ಮಾತುಗಳು ಯಾವ ಊರಿನ ಯಾವ ಮೇಷ್ಟರಿಗೂ ಒಪ್ಪುತ್ತವೆ. ತೊಂಬತ್ತಾರು ವರ್ಷ ಬಾಳಿದವರು ದಿನಾ ಏನು ಮಾಡುತ್ತಿದ್ದರು, ಎಷ್ಟು ಹೊತ್ತಿಗೆ, ಯಾರ ಖರ್ಚಿನಲ್ಲಿ, ಎಷ್ಟು ವರ್ಷ ಬಿಡದೆ ಎಂಬುದನ್ನು ಬರೆ. ಭಕ್ತಿ, ಸಜ್ಜನಿಕೆಗಳನ್ನು ಓದಿದವರು ತಾವೇ ಕಂಡುಕೊಳ್ಳುತ್ತಾರೆ.

ಮೊದಲು ಜನ್ಮದಿನ ಸರಿಮಾಡು. ಜಾತಕದಲ್ಲಿ ವಿಭವ ಸಂವತ್ಸರ, ಮಾಘ ಬಹುಳ ಬಿದಿಗೆ ಎಂದಿದೆ. ನೀನು ಅದನ್ನು 1928 ಎಂದು ಬರೆದಿದ್ದೀಯ. ವಿಭವ ಶುರುವಾದದ್ದು 1928ರ ಯುಗಾದಿಗೆ, ಅದು ಸರಿ. ಆದರೆ ಸಂವತ್ಸರ ಜನವರಿಗೆ ಬದಲಾಗುವುದಿಲ್ಲವಲ್ಲ. ಮಾಘ, ಫಾಲ್ಗುಣ ಎರಡೂ ಮುಂದಿನ ಇಸವಿಗೆ ಹೋಗುತ್ತವೆ. ತಾತ ಹುಟ್ಟಿದ್ದು 1929ರ ಫೆಬ್ರವರಿಯಲ್ಲಿ. ಪುಷ್ಯ ಮಾಸವಾಗಿದ್ದರೆ ಆ ವರ್ಷದ ಪಂಚಾಂಗ ನೋಡದೆ ಡಿಸೆಂಬರೋ ಜನವರಿಯೋ ಹೇಳಲು ಬರುತ್ತಿರಲಿಲ್ಲ. ಷಷ್ಟ್ಯಬ್ದಿಯ ಕರೆಯೋಲೆಯಲ್ಲೂ ವಿಭವ ಎಂದೇ ಇರುತ್ತದೆ, ಅರವತ್ತು ವರ್ಷಕ್ಕೆ ಅದೇ ಹೆಸರು ತಿರುಗಿ ಬರುವುದರಿಂದ, ಅದು 1989. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವ ಜೂನ್ 1928 ಮಾತ್ರ ಬೇರೆ ಕಥೆ. ಮಗುವನ್ನು ಶಾಲೆಗೆ ಸೇರಿಸುವಾಗ ವಯಸ್ಸು ಸಾಲದಿದ್ದರೆ ಮೇಷ್ಟರೇ ಹೊಂದುವ ತಾರೀಖೊಂದನ್ನು ಬರೆದುಕೊಳ್ಳುತ್ತಿದ್ದ ಕಾಲ ಅದು. ನೌಕರಿ, ನಿವೃತ್ತಿ, ಪಿಂಚಣಿ ಎಲ್ಲ ನಡೆದದ್ದು ಆ ತಾರೀಖಿನ ಮೇಲೆ. ಎರಡನ್ನೂ ಹಾಕು, ಯಾವುದು ಎಲ್ಲಿಯದು ಎಂದು ಹೇಳಿಬಿಡು.

ಇದನ್ನು ತಾಳೆ ನೋಡಲು ಸಹಸ್ರಚಂದ್ರ ದರ್ಶನದ ಆಮಂತ್ರಣವಿದೆ. ಸಾವಿರ ಹುಣ್ಣಿಮೆಗೆ 29,530 ದಿನ, ಎಂದರೆ 80 ವರ್ಷ 10 ತಿಂಗಳು. ಮನೆತನದ ಪದ್ಧತಿ, ಮುಹೂರ್ತದ ಅನುಕೂಲ ಎಂದು ಕೆಲವು ತಿಂಗಳು ಹಿಂದುಮುಂದಾಗುವುದುಂಟು. ಆದರೂ 1929ರಿಂದ ಎಣಿಸಿದರೆ 2009ರ ಕೊನೆಗೆ ಬರುತ್ತದೆ.

ತೀರಿಕೊಂಡ ದಿನವನ್ನು ತಾರೀಖು, ಮಾಸ, ಪಕ್ಷ, ತಿಥಿ, ಗಂಟೆ ಇಷ್ಟನ್ನೂ ಸೇರಿಸಿ ಬರೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗುವುದು ಸೂರ್ಯೋದಯದ ತಿಥಿ. ಶ್ರಾದ್ಧಕ್ಕೆ ಹಿಡಿಯುವುದು ಪ್ರಾಣ ಹೋದ ಹೊತ್ತಿನ ತಿಥಿ. ಗಂಟೆ ಬರೆದಿಡದ ಮನೆಗಳಲ್ಲಿ ಹತ್ತು ವರ್ಷದ ಮೇಲೆ ಅಣ್ಣತಮ್ಮಂದಿರು ಬೇರೆಬೇರೆ ದಿನ ಶ್ರಾದ್ಧ ಮಾಡುವಂತಾಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಶ್ರಾವಣದ ತಿಥಿ ಹೋದ ವರ್ಷದ ತಾರೀಖಿಗಿಂತ ಸುಮಾರು 19 ದಿನ ತಡವಾಗಿ ಬೀಳುತ್ತದೆ. ಪ್ರೆಸ್ಸಿನವರಿಗೆ ದಿನ ಹೇಳುವ ಮೊದಲು ಪುರೋಹಿತರನ್ನು ಕೇಳು.

ಇನ್ನು ಆ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕಗಳು. ನನ್ನ ಮಟ್ಟಿಗೆ ತಾತನ ನಿಜವಾದ ಚರಿತ್ರೆ ಇರುವುದು ಅವುಗಳಲ್ಲಿ. ಓದುವಾಗ ಒಂದು ಎಚ್ಚರ ಇರಲಿ. 3-6-0 ಎಂದಿದ್ದರೆ ಮೂರು ರೂಪಾಯಿ ಅರವತ್ತು ಪೈಸೆ ಅಲ್ಲ. ಮೂರು ರೂಪಾಯಿ, ಆರು ಆಣೆ, ಸೊನ್ನೆ ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ರೂಪಾಯಿ, ಆದ್ದರಿಂದ ಅದು ಮೂರು ರೂಪಾಯಿ ಮೂವತ್ತೇಳೂವರೆ ಪೈಸೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ಆಮೇಲೂ ಕೆಲವು ಕಾಲ ಎರಡೂ ಲೆಕ್ಕ ಕಲಸಿಕೊಂಡಿರುತ್ತವೆ. ಬೇರೆ ಮಕ್ಕಳ ಪರೀಕ್ಷೆ ಫೀಸು, ಸ್ಲೇಟು, ಪುಸ್ತಕಕ್ಕೆ ಕೊಟ್ಟದ್ದು ಮನೆಸಾಮಾನಿನ ಸಾಲಿನಲ್ಲೇ ಸೇರಿಕೊಂಡಿರುತ್ತದೆ. ಅದನ್ನೆಲ್ಲ ಹೆಕ್ಕಿ, ಆ ತಿಂಗಳ ಸಂಬಳದ ಪಕ್ಕದಲ್ಲಿಟ್ಟು ತೋರಿಸು. ‘ಉದಾರಿ’ ಎಂಬ ಪದವೇ ಬೇಕಾಗುವುದಿಲ್ಲ. ಆ ಮಕ್ಕಳ ಹೆಸರನ್ನು ಮಾತ್ರ ಅಚ್ಚು ಹಾಕಬೇಡ. ಈಗ ಅವರೂ ಮೊಮ್ಮಕ್ಕಳನ್ನು ಕಂಡವರು, ಅವರನ್ನು ಕೇಳದೆ ಅವರ ಬಡತನವನ್ನು ನಾವು ಬೀದಿಗೆ ತರಬಾರದು.

ಅದೇ ಪುಸ್ತಕದಲ್ಲಿ ಬಳೆ ಅಡವಿಟ್ಟದ್ದು, ಬಿಡಿಸಿಕೊಂಡದ್ದೂ ಇರುತ್ತದೆ. ಅದು ನಿನ್ನ ಅಜ್ಜಿಯ ಬಳೆ. ಮೇಷ್ಟರ ದಾನಧರ್ಮ ಬರೆಯುವವರೆಲ್ಲ ಮರೆಯುವುದು ಇಲ್ಲೇ. ದಾನದ ಕೈ ತಾತನದಾದರೂ ಉಳಿದದ್ದರಲ್ಲಿ ಹತ್ತು ಜನಕ್ಕೆ ಮುದ್ದೆ, ಸಾರು ಹೊಂದಿಸಿದವಳು ಅವಳು. ಅವಳಿಗೆ ಕೊನೆಯಲ್ಲಿ ‘ಧರ್ಮಪತ್ನಿಯ ಸಹಕಾರ’ ಎಂದು ಒಂದು ಸಾಲು ಕೊಟ್ಟರೆ ನಾನು ಒಪ್ಪುವುದಿಲ್ಲ. ಪೂರಾ ಒಂದು ಅಧ್ಯಾಯ ಇರಲಿ, ಅದೂ ಅವಳ ಮಾತಿನಲ್ಲೇ. ಎಲ್ಲರಿಗಿಂತ ಮೊದಲು ಅವಳ ಹತ್ತಿರ ಹೋಗಿ ಕೂತುಕೋ, ಬೆಳಿಗ್ಗೆ ತಿಂಡಿಯಾದ ಮೇಲೆ, ಒಂದು ಗಂಟೆಗಿಂತ ಹೆಚ್ಚು ಬೇಡ. ಫ್ಯಾನ್ ಆರಿಸು, ಇಲ್ಲದಿದ್ದರೆ ಮೊಬೈಲ್ ರೆಕಾರ್ಡಿಂಗಿನಲ್ಲಿ ಅದರ ಸದ್ದೇ ತುಂಬಿಕೊಳ್ಳುತ್ತದೆ. ‘ತಾತ ಹೇಗಿದ್ದರು’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಬರುತ್ತದೆ. ‘ಸಂಬಳದ ದಿನ ಮನೆಗೆ ಬಂದು ಮೊದಲು ಏನು ಮಾಡುತ್ತಿದ್ದರು’ ಎಂದು ಕೇಳು. ಕೋಪ ಬಂದರೆ ಏನು ಮಾಡುತ್ತಿದ್ದರು ಎಂದೂ ಕೇಳು.

ಶಾಲೆಯ ಭಾಗಕ್ಕೆ ಆಧಾರ ಸರ್ವಿಸ್ ರಿಜಿಸ್ಟರ್. ಮನೆಯಲ್ಲಿ ನಕಲು ಸಿಗದಿದ್ದರೆ ಪಿಂಚಣಿಯ ಪುಸ್ತಕದಲ್ಲಿ ನಿವೃತ್ತಿಯ ತಾರೀಖಾದರೂ ಇರುತ್ತದೆ. ಉಳಿದದ್ದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿ ವಿಚಾರಿಸು. ಹೊನ್ನಾಳಿಯನ್ನು ನೀನು ದಾವಣಗೆರೆ ಜಿಲ್ಲೆ ಎಂದು ಬರೆದಿದ್ದೀಯ. ಅದು ದಾವಣಗೆರೆಗೆ ಸೇರಿದ್ದು 1997ರಲ್ಲಿ. ತಾತ ಪಾಠ ಮಾಡುವಾಗ ಶಿವಮೊಗ್ಗ ಜಿಲ್ಲೆ. 1973ರ ನವೆಂಬರ್ 1ರ ತನಕ ರಾಜ್ಯದ ಹೆಸರೂ ಮೈಸೂರೇ.

ಹಳೆಯ ಶಿಷ್ಯರು ಪ್ರೀತಿಯಿಂದ ಹೇಳುತ್ತಾರೆ, ಆದರೆ ಕಾಲವನ್ನು ಕಲಸುತ್ತಾರೆ. 1960ರ ದಶಕದಲ್ಲಿ ಓದಿದವರು ‘ಮೇಷ್ಟ್ರು ನಿಂತು ಬಿಸಿಯೂಟ ಬಡಿಸುತ್ತಿದ್ದರು’ ಎಂದರೆ, ಅದು ಅಮೆರಿಕದ ನೆರವು ಸಂಸ್ಥೆ ಕೇರ್‌ನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಸರ್ಕಾರದ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ, ತಾತ ಆಗ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಇಸವಿ ನೆನಪಿಲ್ಲ ಎಂದವರನ್ನು ‘ಮೇಷ್ಟ್ರು ಜನಗಣತಿಗೆ ಹೋಗಿದ್ದ ವರ್ಷ ನೀವು ಎಷ್ಟನೇ ಕ್ಲಾಸು’ ಎಂದು ಕೇಳು. 1951, 1961, 1971, 1981 ಇವುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಏಕೋಪಾಧ್ಯಾಯ ಶಾಲೆಯಲ್ಲಿ ಒಂದೇ ಕೋಣೆಯೊಳಗೆ ನಾಲ್ಕು ತರಗತಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಬಿಡಿಸಿ ಕೇಳು: ಒಂದನೆಯವರು ಮರಳಿನ ಮೇಲೆ ಅಕ್ಷರ ತಿದ್ದುವಾಗ, ಎರಡನೆಯವರು ಕಾಪಿ ಬರೆಯುವಾಗ, ಮೂರನೆಯವರಿಗೆ ಲೆಕ್ಕ ಕೊಟ್ಟು ನಾಲ್ಕನೆಯವರಿಗೆ ಪಾಠ ಮಾಡುವುದು, ಸಂಜೆ ಎಲ್ಲರೂ ಸೇರಿ ಮಗ್ಗಿ, ಅದರಲ್ಲೂ ಕಾಲು, ಅರೆ, ಮುಕ್ಕಾಲಿನ ಮಗ್ಗಿ. ಬೆತ್ತದ ಏಟು ತಿಂದವರು ಹೇಳಿದರೆ ಅದನ್ನೂ ಬರೆ. ಮುಚ್ಚಿಟ್ಟರೆ ಉಳಿದದ್ದನ್ನೂ ಶಿಷ್ಯರು ನಂಬುವುದಿಲ್ಲ.

ದೈವಭಕ್ತಿಗೂ ಇದೇ ಮಾತು. ಸಂಧ್ಯಾವಂದನೆ ಎಷ್ಟು ಹೊತ್ತಿಗೆ, ಜನಗಣತಿಯ ದಿನಗಳಲ್ಲಿ ಅದನ್ನು ಎಲ್ಲಿ ಮಾಡುತ್ತಿದ್ದರು, ಕಣ್ಣು ಮಂಜಾದ ಮೇಲೆ ಏನೇನು ಬಾಯಿಪಾಠದಲ್ಲಿ ಉಳಿದಿತ್ತು, ಇವೇ ವಿವರ. ಅವರ ಗದುಗಿನ ಭಾರತದ ಪ್ರತಿಯನ್ನು ಪುಟಪುಟ ತಿರುವಿ ನೋಡು. ಹತ್ತು ಪರ್ವದಲ್ಲಿ ಒಂದೊಂದು ಮುಗಿದಾಗಲೂ ಅಂಚಿನಲ್ಲಿ ತಾರೀಖು ಹಾಕಿದ್ದರೂ ಹಾಕಿರಬಹುದು. ಪದ್ಯದ ತಲೆಯ ಮೇಲೆ ರಾಗದ ಹೆಸರಿದ್ದರೆ ಆ ಪುಟದ ಚಿತ್ರವನ್ನೇ ಹಾಕು. ರಾಮನವಮಿಯ ಪಾನಕಕ್ಕೆ ಕೊಡಕ್ಕೆ ಎಷ್ಟು ಬೆಲ್ಲ, ಎಷ್ಟು ಶುಂಠಿ, ಏಲಕ್ಕಿ ಎಂಬ ಅಳತೆ ಅಜ್ಜಿಗೆ ಗೊತ್ತು, ಕೇಳಿ ಬರೆದುಕೋ. ಕೋಸಂಬರಿಗೆ ಹಂಚುವ ಹೊತ್ತಿಗೇ ಉಪ್ಪು ಹಾಕಬೇಕೆಂದು ತಾತ ಹಟ ಹಿಡಿಯುತ್ತಿದ್ದರು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೊನೆಯ ಸಾಲಿನವರ ದೊನ್ನೆಗೆ ನೀರೇ ಬೀಳುತ್ತದೆ ಎಂದು. ಅವರ ಭಕ್ತಿಯಲ್ಲಿ ಕೊನೆಯ ಸಾಲಿನವರೂ ಇದ್ದರು, ಅದು ಬರಲೇಬೇಕು.

ಹಳೆಯ ಫೋಟೋಗಳನ್ನು ಲ್ಯಾಮಿನೇಷನ್ ಮಾಡಿಸಬೇಡ, ಒಮ್ಮೆ ಅಂಟಿದರೆ ಬಿಡಿಸಲಾಗದು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡು. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ಲೇ ಬೇಕು. ಬಾಲ್ ಪೆನ್ನಿನ ಗೀರು ಮುಂಬದಿಗೆ ಮೂಡುತ್ತದೆ. ಶಾಲೆಯ ಗುಂಪು ಚಿತ್ರದಲ್ಲಿ ನಿಂತವರು, ಕುಳಿತವರು, ನೆಲದ ಮೇಲಿರುವವರು ಎಂದು ಸಾಲುಸಾಲಾಗಿ ಎಡದಿಂದ ಬಲಕ್ಕೆ ಹೆಸರು ಕೊಡು. ಗುರುತು ಸಿಗದವರ ಜಾಗದಲ್ಲಿ ಅಡ್ಡಗೆರೆ ಹಾಕು, ಊಹೆಯ ಹೆಸರು ಬೇಡ.

ಅಚ್ಚಿಗೆ 1/8 ಡೆಮಿ ಆಕಾರ, 48 ಪುಟ ಸಾಕು. ಸೆಂಟರ್ ಪಿನ್ ಹೊಡೆಯುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಆದ್ದರಿಂದ ಪ್ರೂಫನ್ನು ಪರದೆಯ ಮೇಲಲ್ಲ, ಕಾಗದದ ಮೇಲೆ ಇಬ್ಬರು ಬೇರೆಬೇರೆಯಾಗಿ ಓದಬೇಕು. ಒಂದು ಪ್ರತಿ ನನಗೆ ಅಂಚೆಯಲ್ಲಿ ಕಳಿಸು. ಹೆಸರು, ತಾರೀಖುಗಳನ್ನು ನಾನು ನೋಡಿಕೊಡುತ್ತೇನೆ. ಅಜ್ಜಿಯ ಅಧ್ಯಾಯವನ್ನು ಮಾತ್ರ ನೀನೇ ಅವಳ ಮುಂದೆ ಗಟ್ಟಿಯಾಗಿ ಓದಿ, ಅವಳು ಬೇಡ ಎಂದದ್ದನ್ನು ತೆಗೆದ ಮೇಲೆ ಕಳಿಸು.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ